ಹಳೆಯ ಕಾಯಿಲೆಯ ಖಾತೆಗೆ

ನನ್ನ ಸೋದರಮಾವನ ಆಸ್ಪತ್ರೆಯ ಕಾಗದಗಳು ಮೂರು ಪ್ಲಾಸ್ಟಿಕ್ ಫೈಲುಗಳನ್ನು ತುಂಬಿವೆ. ತಿಪಟೂರಿನ ಹತ್ತಿರದ ಹಳ್ಳಿಯೊಂದರಲ್ಲಿ ತೆಂಗಿನ ತೋಟ ನೋಡಿಕೊಂಡಿರುವ ಅವರಿಗೆ ಈಗ 68 ವರ್ಷ. ಹತ್ತೊಂಬತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ, ಅದರ ಹಿಂದೆಯೇ ಬಂದ ರಕ್ತದೊತ್ತಡ, ಯೌವನದಿಂದಲೂ ಬಂದುಹೋಗುತ್ತಿದ್ದ ಮೂಲವ್ಯಾಧಿ, ಎರಡು ವರ್ಷದ ಹಿಂದಿನ ಕಾರ್ತಿಕ ಮಾಸದಲ್ಲಿ ಹೃದಯದ ರಕ್ತನಾಳಕ್ಕೆ ಹಾಕಿಸಿಕೊಂಡ ಒಂದು ಸ್ಟೆಂಟ್, ಇಷ್ಟೂ ಆ ಫೈಲುಗಳಲ್ಲಿವೆ. ತಿಂಗಳಿಗೆ ಒಮ್ಮೆಯಾದರೂ ಯಾವುದಾದರೂ ಒಬ್ಬ ವೈದ್ಯರ ಮುಂದೆ ಕೂರುತ್ತಿದ್ದ, ಮೂರು ತಿಂಗಳಿಗೊಮ್ಮೆ ತಪ್ಪದೆ ರಕ್ತ ಪರೀಕ್ಷೆ ಮಾಡಿಸುತ್ತಿದ್ದ ಮನುಷ್ಯ ಅವರು. ಇಷ್ಟು ಜನರ ಕಣ್ಣಿಗೆ ಇಷ್ಟು ಸಲ ಬೀಳುವವರಲ್ಲಿ ಹೊಸ ಕಾಯಿಲೆಯೊಂದು ಬಚ್ಚಿಟ್ಟುಕೊಳ್ಳಲಾರದು ಎಂದು ನಮ್ಮ ಮನೆಯವರೆಲ್ಲ ನಂಬಿದ್ದೆವು. ಅವರ ದೊಡ್ಡಕರುಳಿನ ಆರಂಭದಲ್ಲಿ, ಬಲಭಾಗದಲ್ಲಿ, ಬೆಳೆಯುತ್ತಿದ್ದ ಕ್ಯಾನ್ಸರ್ ಗಡ್ಡೆ ಕಣ್ಣಿಗೆ ಬೀಳಲು ಮೊದಲ ಲಕ್ಷಣ ಕಾಣಿಸಿಕೊಂಡ ಮೇಲೆ ಸುಮಾರು ಎಂಟು ತಿಂಗಳು ಹಿಡಿಯಿತು. ಅದು ಹೇಗಾಯಿತು ಎಂದು ತಿಳಿಯಲು ನಾನು ಆ ಫೈಲುಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ ಓದಿದೆ. ಯಾರನ್ನೋ ದೂರುವ ಉದ್ದೇಶ ನನಗೆ ಇರಲಿಲ್ಲ, ಈಗಲೂ ಇಲ್ಲ. ಆದರೆ ಓದಿದಷ್ಟೂ ಒಂದು ವಿಷಯ ಸ್ಪಷ್ಟವಾಗುತ್ತ ಹೋಯಿತು: ಮಾವನ ದೇಹ ಹೇಳಿದ ಪ್ರತಿಯೊಂದು ಹೊಸ ಮಾತಿಗೂ ಒಂದು ಹಳೆಯ ಕಾಯಿಲೆ ಅರ್ಥ ಕೊಡಲು ಸಿದ್ಧವಾಗಿತ್ತು.

ಮೊದಲು ಬಂದದ್ದು ಸುಸ್ತು. ಬೆಳಗ್ಗೆ ಎದ್ದು ತೋಟವನ್ನು ಒಂದು ಸುತ್ತು ಹಾಕಿ ಬರುತ್ತಿದ್ದವರು ಅರ್ಧಕ್ಕೇ ತೊಟ್ಟಿಯ ಕಟ್ಟೆಯ ಮೇಲೆ ಕೂರತೊಡಗಿದರು. ಸ್ಟೆಂಟ್ ಹಾಕಿ ಮೂರು ತಿಂಗಳಾಗಿತ್ತು. ಹೃದಯ ಚೇತರಿಸಿಕೊಳ್ಳಲು ಸಮಯ ಬೇಕು ಎಂದು ಎಲ್ಲರೂ ಅಂದುಕೊಂಡೆವು. ಐದನೇ ತಿಂಗಳಲ್ಲಿ ರಕ್ತ ಪರೀಕ್ಷೆಯಾದಾಗ ಹಿಮೋಗ್ಲೋಬಿನ್ 9.2 ಬಂದಿತ್ತು. ರಕ್ತ ತೆಳುವಾಗಿಸುವ ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್ ಎರಡನ್ನೂ ತೆಗೆದುಕೊಳ್ಳುತ್ತಿದ್ದಾರೆ, ಮೂಲವ್ಯಾಧಿಯೂ ಇದೆ, ಸ್ವಲ್ಪ ಸ್ವಲ್ಪ ರಕ್ತ ಹೋಗುತ್ತಿರಬಹುದು ಎಂದು ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟರು. ಆ ಮಾತ್ರೆ ಶುರುವಾದ ಮೇಲೆ ಮಲ ಕಪ್ಪಾಯಿತು. ಕಬ್ಬಿಣದ ಮಾತ್ರೆ ತಿಂದವರಿಗೆ ಮಲ ಕಪ್ಪಾಗುವುದು ಸಹಜ. ಕರುಳಿನೊಳಗೆ ರಕ್ತ ಒಸರಿದರೂ ಮಲ ಕಪ್ಪಾಗಬಹುದು. ಎರಡರಲ್ಲಿ ಯಾವುದೆಂದು ಬಣ್ಣವೊಂದೇ ಹೇಳುವುದಿಲ್ಲ. ಆಮೇಲೆ ತೂಕ ಇಳಿಯಿತು, ಆರೇಳು ಕಿಲೋ. ಸ್ಟೆಂಟ್ ಹಾಕಿದ ಸಮಯದಲ್ಲೇ ಸಕ್ಕರೆಗೆ ಡಪಾಗ್ಲಿಫ್ಲೋಜಿನ್ ಎಂಬ ಹೊಸ ಮಾತ್ರೆ ಸೇರಿಸಿದ್ದರು. ಮೂತ್ರದ ಮೂಲಕ ಸಕ್ಕರೆಯನ್ನು ಹೊರಹಾಕುವ ಆ ಮಾತ್ರೆ ತೂಕವನ್ನು ಇಳಿಸುವುದು ನಿಜ. ಹೃದಯಕ್ಕೂ ಒಳ್ಳೆಯದೆಂದೇ ಅದನ್ನು ಕೊಡುತ್ತಾರೆ. ಹಾಗಾಗಿ ತೂಕ ಇಳಿದದ್ದು ನಮ್ಮ ಮನೆಯಲ್ಲಿ ಸಂತೋಷದ ಸುದ್ದಿಯಾಯಿತು. ಮೂರು ತಿಂಗಳ ಸರಾಸರಿ ಸಕ್ಕರೆಯ ಅಂಕಿಯೂ ಕೆಳಗಿಳಿದಿತ್ತು. ರಕ್ತ ನಷ್ಟವಾಗಿ, ಕಬ್ಬಿಣಾಂಶ ಸಿಕ್ಕಿ, ದೇಹ ಹೊಸ ಕೆಂಪು ಕಣಗಳನ್ನು ಹೆಚ್ಚಾಗಿ ಹುಟ್ಟಿಸುವಾಗ ಆ ಅಂಕಿ ಇರುವುದಕ್ಕಿಂತ ಕಡಿಮೆ ತೋರಬಲ್ಲದು ಎಂಬುದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಅಂದು ನಾನೇ ಫೋನಿನಲ್ಲಿ, "ಮಾವ, ಈ ಸಲ ಶುಗರ್ ತುಂಬಾ ಚೆನ್ನಾಗಿದೆ" ಎಂದು ಹೇಳಿದ್ದೆ.

ಹೀಗೆ ಸುಸ್ತು ಹೃದಯದ ಖಾತೆಗೆ, ರಕ್ತಹೀನತೆ ಮಾತ್ರೆಯ ಖಾತೆಗೆ, ತೂಕ ಸಕ್ಕರೆಯ ಖಾತೆಗೆ, ಮಲದಲ್ಲಿ ಆಗೊಮ್ಮೆ ಈಗೊಮ್ಮೆ ಕಂಡ ರಕ್ತ ಮೂಲವ್ಯಾಧಿಯ ಖಾತೆಗೆ ಜಮೆಯಾದವು. ಬೇರೆ ಬೇರೆಯಾಗಿ ನೋಡಿದರೆ ಯಾವ ಜಮೆಯೂ ಅಸಮಂಜಸವಾಗಿರಲಿಲ್ಲ ಎಂಬುದು ನನ್ನನ್ನು ಈಗಲೂ ಕಾಡುತ್ತದೆ. ಹೃದಯದ ವೈದ್ಯರು ಹೃದಯದ ಫೈಲನ್ನು, ಸಕ್ಕರೆಯ ವೈದ್ಯರು ಸಕ್ಕರೆಯ ಫೈಲನ್ನು ನೋಡಿದರು. ನಾಲ್ಕನ್ನೂ ಒಂದೇ ಮೇಜಿನ ಮೇಲೆ ಹರಡಿ, ಇವೆಲ್ಲ ಒಂದೇ ವರ್ಷದಲ್ಲಿ ಏಕೆ ಬಂದವು ಎಂದು ಕೇಳುವ ಸಂದರ್ಭ ಯಾರಿಗೂ ಒದಗಲಿಲ್ಲ. ಹಾಗೆ ಕೇಳಬಹುದಾಗಿದ್ದ ನಾನು ಬೆಂಗಳೂರಿನಲ್ಲಿದ್ದೆ.

ಒಬ್ಬ ರೋಗಿಯಲ್ಲಿ ಒಂದು ಮುಖ್ಯ ಕಾಯಿಲೆಯ ಜೊತೆಗೆ ಬೇರೆ ಕಾಯಿಲೆಗಳೂ ಇರುವುದಕ್ಕೆ ಒಂದು ಹೆಸರು ಬೇಕೆಂದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವೈದ್ಯ ಆಲ್ವನ್ ಫೈನ್‌ಸ್ಟೈನ್ 1970ರಲ್ಲಿ ವಾದಿಸಿದರು. ಅವರು ಕೊಟ್ಟ 'ಕೋಮಾರ್ಬಿಡಿಟಿ' ಎಂಬ ಪದವನ್ನು ಕೋವಿಡ್ ಕಾಲದಲ್ಲಿ ನಮ್ಮ ಹಳ್ಳಿಯವರೂ ಕೇಳಿದರು. ಕನ್ನಡದಲ್ಲಿ ಸಹಕಾಯಿಲೆ ಎನ್ನಬಹುದು, ಜೊತೆಗಿರುವ ಕಾಯಿಲೆ ಎಂದರೆ ಇನ್ನೂ ಸರಳ. ಜೊತೆಗಿರುವ ಕಾಯಿಲೆಗಳು ಚಿಕಿತ್ಸೆಯನ್ನು ಹೇಗೆ ಕಷ್ಟಮಾಡುತ್ತವೆ ಎಂಬುದರ ಬಗ್ಗೆ ಹೆಚ್ಚು ಮಾತು ನಡೆದಿದೆ. ಕ್ಯಾನ್ಸರ್ ಪತ್ತೆಯ ವಿಷಯದಲ್ಲಿ ಅವು ಎರಡು ಕಡೆಗೂ ಎಳೆಯುತ್ತವೆ. ಪದೇ ಪದೇ ವೈದ್ಯರನ್ನು ಕಾಣುವುದರಿಂದ, ಬೇರೆ ಕಾರಣಕ್ಕೆ ಮಾಡಿಸಿದ ಸ್ಕ್ಯಾನಿಂಗಿನಲ್ಲಿ ಗಡ್ಡೆ ಆಕಸ್ಮಿಕವಾಗಿ ಕಾಣುವುದರಿಂದ, ಪತ್ತೆ ಬೇಗ ಆಗಬಹುದು. ಹೊಸ ಲಕ್ಷಣಕ್ಕೆ ಹಳೆಯ ಕಾಯಿಲೆಯ ವಿವರಣೆ ಸುಲಭವಾಗಿ ಸಿಗುವುದರಿಂದ, ಅಥವಾ ಹತ್ತು ನಿಮಿಷದ ಭೇಟಿಯಲ್ಲಿ ಸಕ್ಕರೆ, ರಕ್ತದೊತ್ತಡ, ಕಾಲಿನ ಹುಣ್ಣು ಇಷ್ಟನ್ನು ನೋಡುವಷ್ಟರಲ್ಲಿ ಸಮಯ ಮುಗಿದುಹೋಗುವುದರಿಂದ, ತಡವೂ ಆಗಬಹುದು. ಯಾವ ಕಾಯಿಲೆಯ ಜೊತೆ ಯಾವ ಕ್ಯಾನ್ಸರ್ ಎಂಬುದರ ಮೇಲೆ ಇದು ನಿಂತಿದೆ. ಎರಡರ ಲಕ್ಷಣಗಳು ಒಂದರಂತೆ ಒಂದು ಇದ್ದಷ್ಟೂ ತಡವಾಗುವ ಭಯ ಹೆಚ್ಚು.

ನಮ್ಮ ದೇಶದಲ್ಲಿ ಇದಕ್ಕೆ ಅತ್ಯಂತ ನೋವಿನ ಉದಾಹರಣೆ ಕ್ಷಯ ಮತ್ತು ಶ್ವಾಸಕೋಶದ ಕ್ಯಾನ್ಸರ್. ಬಿಡದ ಕೆಮ್ಮು, ಕಫದಲ್ಲಿ ರಕ್ತ, ಇಳಿಯುವ ತೂಕ, ಎಕ್ಸ್‌ರೇಯಲ್ಲಿ ಶ್ವಾಸಕೋಶದ ಮೇಲ್ಭಾಗದಲ್ಲೊಂದು ನೆರಳು: ಎರಡೂ ಕಾಯಿಲೆಗಳು ಇದೇ ವೇಷದಲ್ಲಿ ಬರುತ್ತವೆ. ಕ್ಷಯ ಇಷ್ಟು ಸಾಮಾನ್ಯವಾಗಿರುವ ಊರುಗಳಲ್ಲಿ ಕಫದಲ್ಲಿ ಕ್ರಿಮಿ ಕಾಣದಿದ್ದರೂ ಆರು ತಿಂಗಳ ಕ್ಷಯದ ಮಾತ್ರೆ ಶುರುಮಾಡುವುದು ಎಷ್ಟೋ ಕಾಲ ರೂಢಿಯಲ್ಲಿತ್ತು, ಮತ್ತು ಕೊನೆಗೆ ಶ್ವಾಸಕೋಶದ ಕ್ಯಾನ್ಸರ್ ಎಂದು ತಿಳಿದ ಅನೇಕರು ಅದಕ್ಕೆ ಮುಂಚೆ ತಿಂಗಳುಗಟ್ಟಲೆ ಆ ಮಾತ್ರೆ ನುಂಗಿದವರೇ. ಹಿಂದೆ ಒಮ್ಮೆ ಕ್ಷಯ ಬಂದು ವಾಸಿಯಾದವರಲ್ಲಿ ಇದು ಇನ್ನೂ ಕಷ್ಟ, ಏಕೆಂದರೆ ಹಳೆಯ ಕ್ಷಯದ ಕಲೆ ಎಕ್ಸ್‌ರೇಯಲ್ಲಿ ಜೀವಮಾನವಿಡೀ ಉಳಿಯುತ್ತದೆ. ಅಂಥ ಕಲೆಯ ಪಕ್ಕದಲ್ಲಿ ಹೊಸದೊಂದು ಚುಕ್ಕೆ ಮೂಡಿದರೆ ಹಳೆಯ ಫಿಲ್ಮನ್ನು ಪಕ್ಕದಲ್ಲಿಟ್ಟು ನೋಡದ ಹೊರತು ಗೊತ್ತಾಗುವುದಿಲ್ಲ. ಆದ್ದರಿಂದ ಹಳೆಯ ಎಕ್ಸ್‌ರೇ ಫಿಲ್ಮುಗಳನ್ನು ಅಟ್ಟದ ಮೇಲೆ ಹಾಳುಮಾಡಬೇಡಿ ಎಂದು ನಾನು ಕಂಡವರಿಗೆಲ್ಲ ಹೇಳುತ್ತಿರುತ್ತೇನೆ. ಹೆಂಗಸರಲ್ಲಿ ಹೊಟ್ಟೆಯ ಕ್ಷಯ ಇದೇ ಗೊಂದಲವನ್ನು ತಿರುವುಮುರುವಾಗಿ ತರುತ್ತದೆ. ಹೊಟ್ಟೆಯಲ್ಲಿ ನೀರು ತುಂಬಿ, ಅಂಡಾಶಯದ ಕ್ಯಾನ್ಸರಿನಲ್ಲಿ ಏರುವ ಸಿಎ-125 ಎಂಬ ಅಂಶ ಅದರಲ್ಲೂ ಏರಿ, ವಾಸಿಯಾಗಬಲ್ಲ ಕಾಯಿಲೆಯೊಂದು ಕ್ಯಾನ್ಸರಿನಂತೆ ಕಂಡು ಮನೆಯವರನ್ನು ನಡುಗಿಸುತ್ತದೆ. ಅಲ್ಲಿಯೂ ಉತ್ತರ ಸಿಗುವುದು ಒಂದು ಚೂರು ತೆಗೆದು ಪರೀಕ್ಷಿಸಿದಾಗ.

ಸಕ್ಕರೆ ಕಾಯಿಲೆಯ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಅದು ಈಗ ಮನೆಮನೆಯಲ್ಲಿದೆ. ಮೇದೋಜೀರಕ ಗ್ರಂಥಿಯ ಕ್ಯಾನ್ಸರಿಗೂ ಸಕ್ಕರೆಗೂ ಇರುವ ನಂಟು ಎರಡು ದಿಕ್ಕಿನದು. ಬಹುಕಾಲದ ಸಕ್ಕರೆ ಆ ಕ್ಯಾನ್ಸರಿನ ಅಪಾಯವನ್ನು ಸ್ವಲ್ಪ ಹೆಚ್ಚಿಸುತ್ತದೆ. ಆ ಕ್ಯಾನ್ಸರ್ ತಾನೇ ಸಕ್ಕರೆ ಕಾಯಿಲೆಯನ್ನು ಹುಟ್ಟಿಸುವುದೂ ಉಂಟು. ಅಮೆರಿಕದ ಮೇಯೋ ಕ್ಲಿನಿಕ್‌ನ ವೈದ್ಯರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 50 ವರ್ಷ ದಾಟಿದ ಮೇಲೆ ಹೊಸದಾಗಿ ಸಕ್ಕರೆ ಕಾಣಿಸಿಕೊಂಡ 2122 ಜನರ ಪೈಕಿ 18 ಮಂದಿಗೆ ಮೂರು ವರ್ಷದೊಳಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಪತ್ತೆಯಾಗಿತ್ತು. ನೂರಕ್ಕೆ ಒಬ್ಬರೂ ಆಗದ ಈ ಸಂಖ್ಯೆಯನ್ನು ನೋಡಿ ಸಕ್ಕರೆ ಬಂದವರೆಲ್ಲ ಹೆದರಬೇಕಾಗಿಲ್ಲ. ಆದರೆ ದಪ್ಪಗಿಲ್ಲದ, ವಂಶದಲ್ಲಿ ಸಕ್ಕರೆಯಿಲ್ಲದ ಅರವತ್ತು ದಾಟಿದವರೊಬ್ಬರಿಗೆ ಇದ್ದಕ್ಕಿದ್ದಂತೆ ಸಕ್ಕರೆ ಕಾಣಿಸಿಕೊಂಡು ಜೊತೆಗೆ ತೂಕವೂ ಇಳಿಯುತ್ತಿದ್ದರೆ, ಅಥವಾ ವರ್ಷಗಳಿಂದ ಹತೋಟಿಯಲ್ಲಿದ್ದ ಸಕ್ಕರೆ ಊಟ ಮಾತ್ರೆ ಬದಲಾಗದೆಯೂ ಕೈಮೀರಿದರೆ, ಮಾತ್ರೆಯ ಪ್ರಮಾಣ ಏರಿಸಿ ಸುಮ್ಮನಾಗುವುದು ಸಾಲದು ಎಂಬುದು ಈ ಸಂಖ್ಯೆಯ ಹಿಂದಿನ ಮಾತು. ಸಕ್ಕರೆಯ ಮಾತ್ರೆಗಳೂ ಕೆಲವು ಗುರುತುಗಳನ್ನು ಅಳಿಸಿಬಿಡುತ್ತವೆ. ಮೆಟ್‌ಫಾರ್ಮಿನ್ ಬಹುಕಾಲ ತೆಗೆದುಕೊಂಡವರಲ್ಲಿ ಬಿ-12 ಜೀವಸತ್ವ ಕಡಿಮೆಯಾಗಬಹುದು. ಬಿ-12 ಕೊರತೆಯಲ್ಲಿ ಕೆಂಪು ರಕ್ತಕಣಗಳು ದೊಡ್ಡದಾಗುತ್ತವೆ, ಕಬ್ಬಿಣಾಂಶದ ಕೊರತೆಯಲ್ಲಿ ಸಣ್ಣದಾಗುತ್ತವೆ, ಎರಡೂ ಒಟ್ಟಿಗೆ ಇದ್ದರೆ ಸರಾಸರಿ ಗಾತ್ರ ಸರಿಯಾಗಿಯೇ ಇದೆ ಎಂದು ವರದಿ ಹೇಳುತ್ತದೆ. ಮಾವನ ವರದಿಯಲ್ಲೂ ಹಾಗೆಯೇ ಇತ್ತು.

ಬೇರೆ ಜೋಡಿಗಳೂ ಇವೆ. ವರ್ಷಗಟ್ಟಲೆ ಗ್ಯಾಸ್ಟ್ರಿಕ್ ಮಾತ್ರೆ ನುಂಗುವವರಲ್ಲಿ ಜಠರದ ಕ್ಯಾನ್ಸರಿನ ಹುಣ್ಣು ಕೆಲಕಾಲ ಮಾಯ್ದಂತೆ ತೋರಿ ನೋವು ತಗ್ಗಬಹುದು. ಪಿಸಿಓಡಿ ಎಂಬ ಅಂಡಾಶಯದ ತೊಂದರೆಯಿಂದ ಮುಟ್ಟು ಏರುಪೇರಾಗುವುದು ಅಭ್ಯಾಸವಾಗಿಹೋದ ಹೆಂಗಸರು ಗರ್ಭಕೋಶದ ಒಳಪದರದ ಕ್ಯಾನ್ಸರಿನಿಂದಾಗುವ ರಕ್ತಸ್ರಾವವನ್ನೂ ಅದೇ ಎಂದುಕೊಳ್ಳುತ್ತಾರೆ, ಆದರೆ ಆ ಕ್ಯಾನ್ಸರಿನ ಅಪಾಯ ಹೆಚ್ಚಿರುವುದೇ ಅಂಥವರಲ್ಲಿ. ಪ್ರಾಸ್ಟೇಟ್ ಗ್ರಂಥಿ ಊದಿಕೊಂಡವರಿಗೆ ಕೊಡುವ ಫಿನಾಸ್ಟೆರೈಡ್ ಮಾತ್ರೆ, ಆ ಗ್ರಂಥಿಯ ಕ್ಯಾನ್ಸರಿನ ಸುಳಿವಿಗಾಗಿ ರಕ್ತದಲ್ಲಿ ನೋಡುವ ಪಿಎಸ್‌ಎ ಅಂಕಿಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಆ ಮಾತ್ರೆಯ ವಿಷಯ ಹೇಳದೆ ರಕ್ತ ಕೊಟ್ಟರೆ ಅಂಕಿ ಸುಳ್ಳು ಧೈರ್ಯ ಕೊಡುತ್ತದೆ. ಅಡಿಕೆ, ಗುಟ್ಕಾ ಜಗಿದು ಬಾಯಿ ಬಿಗಿದುಕೊಂಡವರಿಗೆ ಬಾಯಿ ಕ್ಯಾನ್ಸರಿನ ಅಪಾಯ ಹೆಚ್ಚು, ಆದರೆ ಬಾಯಿ ಎರಡು ಬೆರಳಿನಷ್ಟೂ ತೆರೆಯದಿದ್ದರೆ ಹಿಂದಿನ ಹುಣ್ಣನ್ನು ನೋಡುವುದಾದರೂ ಹೇಗೆ?

ಮೂಲವ್ಯಾಧಿಯ ಬಗ್ಗೆ ನಾನು ಕೇಳಿದ ಮಾತೆಲ್ಲ ನಾಚಿಕೆಯ ಸುತ್ತಲೇ ಇದೆ. ನಮ್ಮ ಕಡೆ ಬಸ್ ನಿಲ್ದಾಣದ ಗೋಡೆಗಳ ಮೇಲೆಲ್ಲ ಆಪರೇಷನ್ ಇಲ್ಲದೆ ಮೂಲವ್ಯಾಧಿ ವಾಸಿ ಎಂಬ ಬರಹವಿರುತ್ತದೆ. ಮೂಲವ್ಯಾಧಿ ಇರುವುದು ನಿಜ, ಅದರಿಂದ ರಕ್ತ ಹೋಗುವುದೂ ನಿಜ. ಆದರೆ ಮೂಲವ್ಯಾಧಿ ಇರುವವರಿಗೆ ಕರುಳಿನ ಕ್ಯಾನ್ಸರ್ ಬರಬಾರದು ಎಂಬ ನಿಯಮವೇನೂ ಇಲ್ಲ. ಅದಕ್ಕೂ ಮುಖ್ಯವಾದದ್ದು ಇನ್ನೊಂದಿದೆ. ಕರುಳಿನ ಎಡಭಾಗದ ಗಡ್ಡೆ ಕಣ್ಣಿಗೆ ಕಾಣುವಂತೆ ರಕ್ತ ಹರಿಸುತ್ತದೆ, ಮಲಬದ್ಧತೆ ತರುತ್ತದೆ. ಬಲಭಾಗದಲ್ಲಿ ಕರುಳು ಅಗಲವಾಗಿದ್ದು ಒಳಗಿನ ಮಲ ಇನ್ನೂ ತೆಳ್ಳಗಿರುವುದರಿಂದ ಅಲ್ಲಿನ ಗಡ್ಡೆ ದಾರಿ ಕಟ್ಟದೆ, ನೋಯದೆ, ಹನಿ ಹನಿಯಾಗಿ ರಕ್ತ ಸೋರಿಸುತ್ತ ಕೂರುತ್ತದೆ, ಮತ್ತು ಎಷ್ಟೋ ಸಲ ರಕ್ತಹೀನತೆಯೊಂದೇ ಅದರ ಕುರುಹಾಗಿರುತ್ತದೆ. ಗಂಡಸರಲ್ಲಿ ಮತ್ತು ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣಾಂಶದ ಕೊರತೆಯಿಂದ ರಕ್ತಹೀನತೆ ಕಂಡರೆ ಜಠರ ಮತ್ತು ದೊಡ್ಡಕರುಳು ಎರಡನ್ನೂ ಒಳಗಿನಿಂದ ನೋಡಬೇಕು ಎಂದು ವೈದ್ಯಕೀಯ ಮಾರ್ಗಸೂಚಿಗಳು ಹೇಳುವುದು ಇದಕ್ಕೇ. ಆದರೆ ನಮ್ಮಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯವೆಂದರೆ ಅದು ಕಾಯಿಲೆಯ ಗುರುತಾಗಿ ಕಾಣುವುದೇ ನಿಂತುಹೋಗಿದೆ. 2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 57 ಮಂದಿಗೆ, ಗಂಡಸರಲ್ಲಿ ಶೇ. 25 ಮಂದಿಗೆ ರಕ್ತ ಕಡಿಮೆ. ಇಷ್ಟು ಜನರಿಗೆ ಇರುವುದನ್ನು ಅರವತ್ತೇಳರ ರೈತರೊಬ್ಬರಲ್ಲಿ ಕಂಡು ಬೆಚ್ಚುವುದು ಯಾರಿಗೂ ತೋಚದೆ ಹೋಗುವುದು ನನಗೆ ಅರ್ಥವಾಗುತ್ತದೆ. ಅರ್ಥವಾಗುವುದರಿಂದ ದುಃಖವೇನೂ ಕಡಿಮೆಯಾಗುವುದಿಲ್ಲ. ರಕ್ತ ತೆಳುವಾಗಿಸುವ ಮಾತ್ರೆಗಳ ವಿಷಯದಲ್ಲೂ ಹೀಗೆಯೇ. ಮಾತ್ರೆಯಿಂದ ರಕ್ತ ಬಂತು ಎಂದು ಸಮಾಧಾನಪಟ್ಟುಕೊಳ್ಳುತ್ತೇವೆ, ಆದರೆ ಎಷ್ಟೋ ಸಲ ಆ ಮಾತ್ರೆ ಮಾಡುವುದು ಒಳಗೆ ಮೊದಲೇ ಇದ್ದ ಗಡ್ಡೆಯಿಂದ ರಕ್ತ ಬೇಗ ಕಾಣುವಂತೆ ಮಾಡುವ ಕೆಲಸ. ಹಾಗೆ ನೋಡಿದರೆ ಮಾವನ ಹೃದಯದ ಮಾತ್ರೆ ಅವರಿಗೆ ಮುಂಚಿತವಾಗಿ ಸುಳಿವು ಕೊಟ್ಟಿತ್ತು.

ಒಂಬತ್ತನೇ ತಿಂಗಳಲ್ಲಿ ಹಿಮೋಗ್ಲೋಬಿನ್ 7.8ಕ್ಕೆ ಇಳಿದಾಗ ತಾಲ್ಲೂಕು ಕೇಂದ್ರದ ಯುವ ವೈದ್ಯೆಯೊಬ್ಬರು ಮೊದಲ ಬಾರಿಗೆ ಕೊಲೊನೋಸ್ಕೋಪಿ, ಅಂದರೆ ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡಕರುಳನ್ನು ಒಳಗಿನಿಂದ ನೋಡುವ ಪರೀಕ್ಷೆ, ಆಗಬೇಕು ಎಂದರು. ಲಕ್ಷಣ ಗುರುತಾದ ಮೇಲೂ ಹಳೆಯ ಕಾಯಿಲೆಗಳು ದಾರಿ ಬಿಡಲಿಲ್ಲ. ಸ್ಟೆಂಟ್ ಹಾಕಿ ಒಂದು ವರ್ಷವಾಗುವವರೆಗೆ ಕ್ಲೊಪಿಡೊಗ್ರೆಲ್ ನಿಲ್ಲಿಸುವಂತಿಲ್ಲ, ನಿಲ್ಲಿಸದೆ ಪರೀಕ್ಷೆ ಮಾಡುವುದು ಅಪಾಯ, ಮೂರು ತಿಂಗಳು ಕಾಯಿರಿ ಎಂಬ ಉತ್ತರ ಒಂದು ಕಡೆಯಿಂದ ಬಂತು. ಎರಡು ತಿಂಗಳು ಕಾದ ಮೇಲೆ ಬೆಂಗಳೂರಿನಲ್ಲಿ ನಾವು ಕಂಡ ಕರುಳಿನ ತಜ್ಞರು, ಒಳಗೆ ನೋಡಿ ಸಣ್ಣ ಚೂರು ತೆಗೆಯುವುದಕ್ಕೆ ಆ ಮಾತ್ರೆಯನ್ನು ನಿಲ್ಲಿಸುವ ಅಗತ್ಯವೇ ಇಲ್ಲ, ದೊಡ್ಡ ಗಂಟನ್ನು ಕತ್ತರಿಸುವುದಿದ್ದರೆ ಮಾತ್ರ ಆ ಪ್ರಶ್ನೆ ಎಂದರು. ಆಮೇಲೆ ಸಿದ್ಧತೆಯ ಕಷ್ಟ. ಹಿಂದಿನ ದಿನ ಹೆಚ್ಚುಕಡಿಮೆ ಉಪವಾಸವಿದ್ದು ಲೀಟರುಗಟ್ಟಲೆ ಭೇದಿಯ ದ್ರಾವಣ ಕುಡಿಯಬೇಕಾದ ಸಕ್ಕರೆ ರೋಗಿಗೆ ಸಕ್ಕರೆ ಕುಸಿಯುವ ಭಯ; ಡಪಾಗ್ಲಿಫ್ಲೋಜಿನ್ ಮೂರು ದಿನ ಮುಂಚೆಯೇ ನಿಲ್ಲಿಸಬೇಕು; ಕಬ್ಬಿಣದ ಮಾತ್ರೆ ಒಂದು ವಾರ ಮುಂಚೆ ಬಿಡಬೇಕು, ಇಲ್ಲದಿದ್ದರೆ ಕರುಳಿನ ಗೋಡೆ ಕಪ್ಪುಮೆತ್ತಿಕೊಂಡು ಏನೂ ಕಾಣದು; ಮೂತ್ರಪಿಂಡ ಸ್ವಲ್ಪ ದುರ್ಬಲವಾಗಿದ್ದರಿಂದ ಫಾಸ್ಫೇಟ್ ಇರುವ ದ್ರಾವಣ ಕೊಡುವಂತಿಲ್ಲ. ಸಕ್ಕರೆ ಬಹಳ ವರ್ಷ ಇದ್ದವರ ಕರುಳು ನಿಧಾನವಾಗಿ ಚಲಿಸುವುದರಿಂದ ಮಾಮೂಲಿ ಪ್ರಮಾಣದಲ್ಲಿ ಶುಚಿಯಾಗದೆಯೂ ಇರಬಹುದು. ಇಷ್ಟನ್ನೂ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು, ಗಂಟೆಗಳ ಸಮೇತ, ಅತ್ತೆಯ ಕೈಗೆ ಕೊಟ್ಟ ನರ್ಸನ್ನು ನಾನು ಮರೆಯಲಾರೆ. ಗಡ್ಡೆಯ ವ್ಯಾಪ್ತಿ ನೋಡಲು ಮಾಡುವ ಸಿಟಿ ಸ್ಕ್ಯಾನಿಗೆ ಕೊಡುವ ಬಣ್ಣದ ಔಷಧಕ್ಕೂ ಮೂತ್ರಪಿಂಡದ ಲೆಕ್ಕ ಬೇಕಾಯಿತು. ಪೆಟ್ ಸ್ಕ್ಯಾನ್ ಬೇಕಾದವರಿಗೆ ಇನ್ನೊಂದು ತೊಡಕಿದೆ. ಆ ಸ್ಕ್ಯಾನಿನಲ್ಲಿ ಕೊಡುವ ಔಷಧ ಸಕ್ಕರೆಯ ರೂಪದ್ದಾಗಿರುವುದರಿಂದ ರಕ್ತದಲ್ಲಿ ಸಕ್ಕರೆ ಏರಿದ್ದರೆ ಗಡ್ಡೆ ಮಂಕಾಗಿ ಕಾಣಬಹುದು, ಮೆಟ್‌ಫಾರ್ಮಿನ್ ತಿನ್ನುವವರ ಕರುಳು ಕಾಯಿಲೆಯಿಲ್ಲದೆಯೂ ಹೊಳೆಯಬಹುದು, ಕ್ಷಯದ ಗಂಟುಗಳು ಕ್ಯಾನ್ಸರಿನಷ್ಟೇ ಪ್ರಕಾಶವಾಗಿ ತೋರಬಹುದು.

ಹಳೆಯ ಕಾಯಿಲೆಯನ್ನೇ ಕ್ಯಾನ್ಸರ್ ಪತ್ತೆಯ ಬಾಗಿಲಾಗಿ ಬಳಸಿಕೊಂಡಿರುವ ಕಡೆಗಳೂ ಇವೆ, ಅವು ನನಗೆ ಧೈರ್ಯ ಕೊಡುತ್ತವೆ. ಲಿವರ್ ಸಿರೋಸಿಸ್, ಅಂದರೆ ಯಕೃತ್ತು ಕಲೆಗಟ್ಟಿ ಗಡುಸಾಗುವ ಕಾಯಿಲೆ, ಇರುವವರಿಗೆ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಿ ಯಕೃತ್ತಿನ ಕ್ಯಾನ್ಸರನ್ನು ಹುಡುಕುವುದು ಒಪ್ಪಿತವಾದ ಕ್ರಮ. ಎಚ್‌ಐವಿ ಇರುವ ಹೆಂಗಸರಲ್ಲಿ ಗರ್ಭಕಂಠದ ಕ್ಯಾನ್ಸರಿನ ಅಪಾಯ ಆರು ಪಟ್ಟು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಮತ್ತು ಉಳಿದವರಿಗೆ 30ನೇ ವಯಸ್ಸಿನಿಂದ ಶುರುವಾಗುವ ತಪಾಸಣೆಯನ್ನು ಅವರಿಗೆ 25ರಿಂದಲೇ ಮಾಡಲು ಸೂಚಿಸುತ್ತದೆ. ನಮ್ಮ ದೇಶದಲ್ಲಿ 30 ದಾಟಿದವರಿಗೆ ಸಕ್ಕರೆ, ರಕ್ತದೊತ್ತಡದ ಜೊತೆಯಲ್ಲೇ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆಯನ್ನೂ ಸೇರಿಸಿದ್ದಾರೆ. ಆಶಾ ಕಾರ್ಯಕರ್ತೆಯರು ಮನೆಗೆ ಬಂದು ಪ್ರಶ್ನೆಗಳ ಹಾಳೆ ತುಂಬಿಸಿಕೊಳ್ಳುತ್ತಾರೆ. ಸಕ್ಕರೆ ನೋಡಲು ಬೆರಳು ಚುಚ್ಚುವ ದಿನವೇ ಬಾಯಿ ತೆರೆಸಿ ಟಾರ್ಚ್ ಬಿಟ್ಟು ನೋಡುವುದಕ್ಕೆ ಒಂದು ನಿಮಿಷ ಸಾಕು. ಆ ಒಂದು ನಿಮಿಷ ನಿಜವಾಗಿ ನಡೆಯುವಂತೆ ನಾವೇ ಕೇಳಿ ಮಾಡಿಸಿಕೊಳ್ಳಬೇಕಾಗಿದೆ. ಕರುಳಿನ ಕ್ಯಾನ್ಸರ್ ಆ ಪಟ್ಟಿಯಲ್ಲಿಲ್ಲ, ಆದ್ದರಿಂದ ಅದರ ವಿಷಯದಲ್ಲಿ ನಮಗಿರುವ ಆಧಾರ ಲಕ್ಷಣಗಳನ್ನು ಗಮನಿಸುವುದೊಂದೇ.

ಮಾವನ ಗಡ್ಡೆ ಮೂರನೇ ಹಂತದಲ್ಲಿತ್ತು. ಹತ್ತಿರದ ದುಗ್ಧರಸ ಗ್ರಂಥಿಗಳಿಗೆ (ಲಿಂಫ್ ನೋಡ್) ಹರಡಿತ್ತು, ದೂರ ಹೋಗಿರಲಿಲ್ಲ. ಸ್ಟೆಂಟಿಗೆ ವರ್ಷ ತುಂಬಿದ ಮೇಲೆ ಕರುಳಿನ ಬಲಭಾಗವನ್ನು ತೆಗೆದರು. ಕಿಮೋ ಆರು ತಿಂಗಳು ನಡೆಯಿತು, ಸಕ್ಕರೆಯಿಂದ ಮೊದಲೇ ಜೋಮುಹಿಡಿದಿದ್ದ ಪಾದಗಳು ಇನ್ನಷ್ಟು ಮರಗಟ್ಟಿದವು. ಈಗ ತೋಟದ ಸುತ್ತು ಪೂರ್ತಿ ಹಾಕುತ್ತಾರೆ, ಕೈಯಲ್ಲಿ ಕೋಲು ಹಿಡಿದು.

ಆಸ್ಪತ್ರೆಯ ಓಡಾಟವೆಲ್ಲ ಮುಗಿದು ಊರಿಗೆ ಹೋಗಿದ್ದಾಗ ಅತ್ತೆ ಮನೆಯಲ್ಲಿ ಸಕ್ಕರೆ ನೋಡಿ ಬರೆದಿಡುವ ಪುಸ್ತಕವನ್ನು ನಾನು ಮೊದಲ ಬಾರಿಗೆ ಬಿಡಿಸಿ ನೋಡಿದೆ. ಎಡಗಡೆ ದಿನಾಂಕ, ನಡುವೆ ಅಂಕಿ, ಬಲಗಡೆಯ ಅಂಚಿನಲ್ಲಿ ಪೆನ್ಸಿಲಿನಲ್ಲಿ ಸಣ್ಣ ಅಕ್ಷರ. "ರಾಗಿಮುದ್ದೆ ಅರ್ಧ ಬಿಟ್ಟರು." "ಬೆಲ್ಟಿಗೆ ಇನ್ನೊಂದು ತೂತು." "ಮೆಟ್ಟಿಲು ಹತ್ತಿ ಕೂತರು, ಮುಖ ಬಿಳುಚಿದೆ." ಕೊಲೊನೋಸ್ಕೋಪಿಗೆ ಏಳು ತಿಂಗಳ ಮುಂಚಿನ ಬರಹ ಅದು. ಪ್ರತಿ ಭೇಟಿಯಲ್ಲೂ ಆ ಪುಸ್ತಕ ವೈದ್ಯರ ಮೇಜಿನ ಮೇಲಿತ್ತು. "ಹೇಳಲಿಲ್ಲವಾ ಅತ್ತೆ?" ಎಂದೆ. "ಅವರು ನಂಬರ್ ಕೇಳೋರು, ನಂಬರ್ ಹೇಳ್ತಿದ್ದೆ ಕಣಪ್ಪಾ" ಎಂದರು.

ಅಂಚಿನಲ್ಲಿ ಬರೆದದ್ದನ್ನೆಲ್ಲ ಈಗ ಅವರು ಬೇರೆಯೇ ಒಂದು ಪುಟದಲ್ಲಿ, ಹಿಂದಿನ ಭೇಟಿಯ ನಂತರ ಹೊಸದಾಗಿ ಆದದ್ದು ಎಂಬ ತಲೆಬರಹದ ಕೆಳಗೆ ಬರೆಯುತ್ತಾರೆ. ಕಳೆದ ತಿಂಗಳು ಸಕ್ಕರೆಯ ವೈದ್ಯರ ಬಳಿಗೆ ನಾನೂ ಜೊತೆಗೆ ಹೋಗಿದ್ದೆ. ವೈದ್ಯರು ಅಂಕಿಗಳ ಮೇಲೆ ಕಣ್ಣಾಡಿಸಿ ಪುಟ ತಿರುಗಿಸಿದರು, "ಬಲ ಮೀನಖಂಡ ನೋವು, ಮೂರು ದಿನದಿಂದ" ಎಂಬ ಸಾಲಿನಲ್ಲಿ ಬೆರಳಿಟ್ಟು ನಿಂತರು. ತೋಟದಲ್ಲಿ ಕಾಲು ಜಾರಿತ್ತು, ಉಳುಕಿರಬೇಕು, ಅದೇನಿಲ್ಲ ಎಂದು ಮಾವ ಹೇಳುತ್ತಲೇ ಇದ್ದರು. ಕ್ಯಾನ್ಸರ್ ಇದ್ದವರ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದುಂಟು. ಫ್ರಾನ್ಸಿನ ವೈದ್ಯ ಆರ್ಮಾಂ ಟ್ರೂಸೋ 1865ರಲ್ಲೇ ಅದನ್ನು ಹೇಳಿ, ಎರಡು ವರ್ಷಗಳ ಬಳಿಕ ತಮ್ಮದೇ ದೇಹದಲ್ಲಿ ಆ ಗುರುತನ್ನು ಕಂಡು ತಮಗೆ ಜಠರದ ಕ್ಯಾನ್ಸರ್ ಇದೆ ಎಂದು ಅರಿತುಕೊಂಡಿದ್ದರು. ವೈದ್ಯರು ಪಂಚೆ ಸರಿಸಲು ಹೇಳಿ, ಎರಡೂ ಕಾಲುಗಳನ್ನು ಮುಟ್ಟಿ ನೋಡಿ, ಟೇಪಿನಿಂದ ಅಳತೆ ತೆಗೆದು, ಅಂದೇ ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನಿಗೆ ಚೀಟಿ ಬರೆದರು. ಮಧ್ಯಾಹ್ನ ಮೂರು ಗಂಟೆಗೆ ವರದಿ ಬಂತು. ಅದು ಉಳುಕೇ ಆಗಿತ್ತು.